ಒಣಗಿದ ಬಾಯಿ, ಒಂಬತ್ತನೇ ತರಗತಿ

ಮಂಗಳವಾರ, 12 ಆಗಸ್ಟ್ 2025. ಕಮಲಾಪುರ.

ಹೆಡ್ ಮಾಸ್ಟರ್ ನೀಲಕಂಠ ಸರ್ ಆಡಿದ ಮಾತು ಇನ್ನೂ ಚುಚ್ಚುತ್ತಿದೆ.

ನಿನ್ನೆ ಕಲಬುರಗಿಯಲ್ಲಿ ಡಯಾಲಿಸಿಸ್ ಮುಗಿಸಿ ಬಂದಾಗಿನಿಂದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ನೀರು ಕುಡಿಯುವಂತಿಲ್ಲ. ಅಲ್ಲಿನ ನರ್ಸ್ ಪ್ರೀತಿ ಒಂದು ಉಪಾಯ ಹೇಳಿದ್ದಳು: "ಸಕ್ಕರಿ ಇಲ್ಲದ ಚ್ಯೂಯಿಂಗ್ ಗಮ್ ಅಗೀರಿ ಅಕ್ಕಾ. ಬಾಯಾಗ ನೀರು ಬರ್ತದ." ಹಾಗಾಗಿ ಇವತ್ತು ಒಂಬತ್ತನೇ ತರಗತಿಯಲ್ಲಿ ಗಮ್ ಅಗಿಯುತ್ತಲೇ ಪಾಠ ಮಾಡಿದೆ.

ಸರ್ ಬಾಗಿಲಿಗೆ ಬಂದು ಹೊರಗೆ ಕರೆದರು. "ವಿಜಯಶ್ರೀ ಮೇಡಂ, ಟೀಚರೇ ಹಿಂಗ ಬಾಯಿ ಆಡಿಸಿದ್ರ ಹುಡುಗರು ಏನು ಕಲೀತಾವ? ಆಗಲಿಲ್ಲಂದ್ರ ಆಫೀಸಿನ ಕೆಲಸ ಕೊಡ್ತೀನಿ, ಕುಂತು ಮಾಡ್ರಿ."

ಕುಂತು! ವಾರಕ್ಕೆ ಮೂರು ದಿನ ಯಂತ್ರದ ಪಕ್ಕ ಮಲಗಿಯೇ ಇರುತ್ತೇನೆ. ನಾನು ನಾನಾಗಿ ನಿಲ್ಲುವುದು ಆ ಕರಿಹಲಗೆಯ ಮುಂದೆ ಮಾತ್ರ.

"ಬಾಯಿ ಒಣಗಿದ್ರ ದನಿ ಹೊರಡಂಗಿಲ್ರಿ ಸರ್. ಅದಕ್ಕ ಅಗೀತೀನಿ. ಆಫೀಸಿಗಿ ಮಾತ್ರ ನಾ ಬರಂಗಿಲ್ಲ," ಎಂದೆ.

ಒಳಗೆ ಹೋಗಿ ಮಕ್ಕಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಎರಡು ವರ್ಷ ಅವರಿಂದ ಮುಚ್ಚಿಟ್ಟಿದ್ದ ಕಾಯಿಲೆ. ಯಾರೂ ನಗಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಪದ್ಯ ನಾವು ಓದ್ತೀವ್ರಿ, ನೀವು ಅರ್ಥ ಅಷ್ಟೇ ಹೇಳ್ರಿ," ಎಂದಳು.

ಕಣ್ಣು ತುಂಬಿತು. ಆದರೂ ಒಪ್ಪಲಿಲ್ಲ. ಪದ್ಯವನ್ನು ನಾನೇ ಓದಿದೆ, ಹಿಂದಿನ ಬೆಂಚಿಗೂ ಕೇಳುವ ಹಾಗೆ, ಕೊನೆಯ ಸಾಲಿನವರೆಗೆ.

ಗಂಟಲು ಈಗಲೂ ಉರಿಯುತ್ತಿದೆ. ಉರಿಯಲಿ. ನಾಳೆ ಕಲಬುರಗಿ, ಗುರುವಾರ ಹತ್ತನೇ ತರಗತಿ. ಅಲ್ಲಿಯೂ ನಿಂತೇ ಪಾಠ ಮಾಡುತ್ತೇನೆ.