ಬಿಗಿ ಎಂಬ ಮಾತು

ಗುರುವಾರ, ಮಧ್ಯಾಹ್ನ
ಕಾಲೇಜಿನ ಶೆಡ್ಡು, ವ್ಯಾನಿನೊಳಗೆ ಕೂತು

ಅಮ್ಮಾ,

ಅಕ್ಕ ಹೇಗಿದ್ದಾಳೆ? ಕೂಸು ಹಗಲೆಲ್ಲ ಮಲಗಿ ರಾತ್ರಿಯೆಲ್ಲ ನಿನ್ನನ್ನು ಕುಣಿಸುತ್ತದೆ ಎಂದು ಹೋದ ವಾರ ಫೋನಿನಲ್ಲಿ ಹೇಳಿದೆಯಲ್ಲ, ಈಗಲಾದರೂ ನಿನಗೆ ಕಣ್ಣು ಮುಚ್ಚಲು ಬಿಡುತ್ತಿದೆಯಾ? ನಾನು ಕಾಗದ ಬರೆದಿದ್ದೇನೆ ಎಂದರೇ ನಿನ್ನ ಎದೆ ಧಸಕ್ ಎನ್ನುತ್ತದೆ, ಗೊತ್ತು. ಶಾಲೆ ಬಿಟ್ಟ ಮೇಲೆ ಸಹಿ ಹಾಕುವುದಕ್ಕೆ ಬಿಟ್ಟರೆ ಪೆನ್ನು ಹಿಡಿದವಳಲ್ಲ. ಆದರೆ ಅಮ್ಮನ ಹತ್ತಿರ ಬಾಯಿ ಬಿಡಕೂಡದು ಎಂದು ತಮ್ಮ ನನ್ನಿಂದ ಭಾಷೆ ತೆಗೆದುಕೊಂಡಿದ್ದಾನೆ. ಬಾಯಿ ಬಿಡುತ್ತಿಲ್ಲ. ಕೈಯ ಮಾತು ಅವನು ಎತ್ತಲಿಲ್ಲ. ಇದು ಮೊಂಡುವಾದ ಅನ್ನಿಸಿದರೆ ಬಂದು ಬೈ. ನೀನು ಬರಲಿ ಎಂದೇ ಬರೆಯುತ್ತಿದ್ದೇನೆ.

ಭಾನುವಾರ ಫುಟ್‌ಬಾಲ್ ಫೈನಲ್. ತಮ್ಮ ಆಡಬಾರದು. ಶನಿವಾರದೊಳಗೆ ನೀನು ಬಂದು ಎದುರಿಗೆ ನಿಂತು ತಡೆಯಬೇಕು. ವಿಷಯ ಇಷ್ಟೇ. ಉಳಿದದ್ದೆಲ್ಲ ಯಾಕೆ ಅನ್ನುವುದು.

ನೀನು ಅಕ್ಕನ ಬಾಣಂತನಕ್ಕೆ ಹೊರಟ ವಾರವೇ ಹೊಸ ಕೋಚ್ ಬಂದರು. ಹಳೆಯವರು ನಿನಗೆ ಗೊತ್ತಲ್ಲ, ಸೀಟಿ ಬಾಯಲ್ಲಿಟ್ಟುಕೊಂಡೇ ಮರದ ಕೆಳಗೆ ನಿದ್ದೆ ಹೊಡೆಯುತ್ತಿದ್ದವರು. ಈ ಮನುಷ್ಯ ಹಾಗಲ್ಲ. ದನಿ ಏರಿಸುವುದೇ ಇಲ್ಲ. ಅವರು ಮಾತಾಡಿದರೆ ಎಂಜಿನ್ ಆಫ್ ಮಾಡಬೇಕು, ಅಷ್ಟು ಮೆಲ್ಲಗೆ. ಎಲ್ಲರನ್ನೂ ‘ಮಗಾ’ ಅನ್ನುತ್ತಾರೆ, ನನ್ನನ್ನೂ. ಮೊದಲ ದಿನ ನಾನು ತಂಡವನ್ನು ವ್ಯಾನಿನಲ್ಲಿ ಅಭ್ಯಾಸಕ್ಕೆ ಕರೆದೊಯ್ಯುವಾಗ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ ಹುಡುಗರಿಗೆ ಒಂದೇ ಒಂದು ನಿಯಮ ಹೇಳಿದರು. “ನೋವು ಅನ್ನೋ ಮಾತು ಇವತ್ತಿಂದ ನಮ್ಮಲ್ಲಿಲ್ಲ. ಮೈಗೆ ಏನೇ ಆದ್ರೂ ಬಿಗಿ ಅನ್ನಿ. ಬಿಗಿ ಆದದ್ದು ಸಡಿಲ ಆಗುತ್ತೆ. ನೋವು ಅಂದವನು ಕಿಟ್ ಕೊಟ್ಟು ಮನೆಗೆ ಹೋಗಬಹುದು, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ ಮಗಾ.”

ಹುಡುಗರಿಗೆ ಅದು ಒಳ್ಳೇ ತಮಾಷೆಯಾಯಿತು. ವ್ಯಾನಿನಲ್ಲಿ ಬರೀ ಅದೇ. ಗಣಿತದ ಪರೀಕ್ಷೆ ಹೋಯಿತು ಎಂದರೆ “ಸ್ವಲ್ಪ ಬಿಗಿ ಕಣೋ.” ಗೋಲ್‌ಕೀಪರನ ಹುಡುಗಿ ಕೈಕೊಟ್ಟಾಗ ಅವನು ಎದೆ ಹಿಡಿದುಕೊಂಡು “ಸರ್, ಇಲ್ಲಿ ಬಿಗಿ” ಎಂದ. ಕೋಚ್ ಕೂಡ ನಕ್ಕರು. ನಾನು ನಗುತ್ತ ಬ್ರೇಕು ಹಾಕುವುದನ್ನೇ ಮರೆತು ಒಂದು ಎಮ್ಮೆಯನ್ನು ಕೂದಲೆಳೆಯಲ್ಲಿ ತಪ್ಪಿಸಿದೆ.

ಆಮೇಲೆ ಗೆಲ್ಲತೊಡಗಿದರು. ಹೋದ ವರ್ಷ ಎಲ್ಲರ ಕೈಲೂ ಹೊಡೆತ ತಿಂದು ಬರುತ್ತಿದ್ದ ತಂಡ ಇದೇನಾ ಎಂದು ಊರೇ ಬೆರಗಾಯಿತು. ಮೊದಲೆಲ್ಲ ವ್ಯಾನು ಕಂಡರೆ “ಸೋತ್ರಾ?” ಎಂದು ಕೇಳುತ್ತಿದ್ದ ಸಲೂನಿನವನು ಈಗ ಹುಡುಗರಿಗೆ ಬಿಟ್ಟಿ ಕಟಿಂಗ್ ಮಾಡುತ್ತಾನೆ. ಸುಳ್ಳು ಹೇಳುವುದಿಲ್ಲ ಅಮ್ಮ, ನನ್ನ ಕಾಲೂ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗೆದ್ದು ಬರುವಾಗ ಹಾರ್ನು ಒತ್ತಿದ ಕೈ ತೆಗೆಯುತ್ತಿರಲಿಲ್ಲ. ಯಾವ ಕೆಲಸದಲ್ಲೂ ತಿಂಗಳು ನಿಲ್ಲದ ನನಗೆ ಈ ವ್ಯಾನು ಮಾತ್ರ ಒಗ್ಗಿತು. “ನೀನಿಲ್ಲದೆ ಈ ತಂಡ ಇಲ್ಲ” ಎಂದು ಕೋಚ್ ಒಮ್ಮೆ ಎಲ್ಲರ ಎದುರಿಗೆ ಹೇಳಿದಾಗ, ಇಂಥ ಮಾತನ್ನು ಯಾವ ಮೇಷ್ಟರೂ ನನಗೆ ಹೇಳಿರಲಿಲ್ಲವಲ್ಲ ಅನ್ನಿಸಿತು.

ನಡುವೆ, ಹುಡುಗರು ಕಡ್ಡಿ ಎಂದು ಕರೆಯುವವನ ವಿಷಯ ನಡೆಯಿತು. ನಮ್ಮನೆಗೆ ಬಂದರೆ ಇಡೀ ಪಾತ್ರೆ ಖಾಲಿ ಮಾಡಿಯೂ ಸಣ್ಣಗೇ ಇರುತ್ತಾನಲ್ಲ, ಆ ಹುಡುಗ. ಪಾದ ಬಿಗಿ, ಪಾದ ಬಿಗಿ ಎಂದುಕೊಂಡೇ ಎರಡು ಪಂದ್ಯ ಆಡಿದ. ಮೂರನೆಯದರ ಬೆಳಿಗ್ಗೆ ಬೂಟಿನೊಳಗೆ ಕಾಲೇ ಹೋಗಲಿಲ್ಲ. ಮೂಳೆ ಮುರಿದು, ಅದರ ಮೇಲೇ ಓಡಿ ಓಡಿ ಜಾಗ ಬಿಟ್ಟಿತ್ತಂತೆ. ಅವನು ಮತ್ತೆ ಸರಿಯಾಗಿ ನಡೆಯುವುದೇ ಅನುಮಾನ ಎನ್ನುತ್ತಾರೆ. ಮುಂದಿನ ಪಂದ್ಯದ ದಿನ ವ್ಯಾನಿನಲ್ಲಿ ಅವನ ಸೀಟಿನ ಮೇಲೆ ಕೋಚ್ ಚೆಂಡಿನ ಚೀಲ ಇಟ್ಟರು. ಯಾರೂ ಅವನ ಹೆಸರೆತ್ತಲಿಲ್ಲ. ಅವತ್ತೂ ಗೆದ್ದರು. ಅವತ್ತೂ ನಾನು ಹಾರ್ನು ಹೊಡೆದೆ.

ಈಗ ತಮ್ಮನ ವಿಷಯ. ಕೂತುಕೊಂಡು ಓದು.

ಹೋದ ಶನಿವಾರ ಸೆಮಿಫೈನಲ್. ಮೇಲಿಂದ ಬಂದ ಚೆಂಡಿಗೆ ಇವನೂ ಎದುರಿನವನೂ ಒಟ್ಟಿಗೆ ಹಾರಿದರು. ತಲೆಗೆ ತಲೆ. ಗಾಳಿಗೆ ಬಾಗಿಲು ಬಡಿದಂಥ ಸದ್ದು, ವ್ಯಾನಿನ ಹತ್ತಿರ ನಿಂತ ನನಗೂ ಕೇಳಿಸಿತು. ಇವನು ಬಿದ್ದವನು ಅಲುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು, ತಪ್ಪು ದಿಕ್ಕಿಗೆ ನಾಲ್ಕು ಹೆಜ್ಜೆ ನಡೆದ. ಕೋಚ್ ಗೆರೆಯಾಚೆಯಿಂದ “ಏನು ಮಗಾ?” ಎಂದರು. ಇವನು “ಬಿಗಿ” ಎಂದ. ಆಟ ಮುಂದುವರಿಯಿತು. ಗೆಲುವಿನ ಗೋಲಿಗೆ ಚೆಂಡು ಒದಗಿಸಿದವನೂ ಇವನೇ.

ವಾಪಸು ಬರುವಾಗ ನನ್ನ ಹಿಂದಿನ ಸೀಟಿನಲ್ಲಿ ಕೂತು “ಚಿಕ್ಕಕ್ಕಾ, ನಾವು ಗೆದ್ವಾ?” ಎಂದು ಕೇಳಿದ. ಹೂಂ ಎಂದೆ. ತಿರುವು ದಾಟುವಷ್ಟರಲ್ಲಿ ಮತ್ತೆ ಅದೇ. ಮತ್ತೆ. “ಇವನಿಗೆ ಎಷ್ಟು ಸಲ ಕೇಳಿದ್ರೂ ಸಾಲದು ನೋಡ್ರೋ” ಎಂದು ಹುಡುಗರು ನಕ್ಕು ಅವನ ಬೆನ್ನಿಗೆ ಗುದ್ದಿದರು. ನಾನು ಕನ್ನಡಿಯಲ್ಲಿ ಅವನ ಮುಖ ನೋಡಿದೆ. ಅವನು ನಗುತ್ತಿರಲಿಲ್ಲ.

ಅವತ್ತಿನಿಂದ ಮನೆಯಲ್ಲಿ ಕಿಟಕಿ ತೆರೆಯಲು ಬಿಡುವುದಿಲ್ಲ. ಬೆಳಕು ಬಿಗಿಯಂತೆ. ಲೋಟ ತುಂಬಿ ಹರಿದರೂ ನೀರು ಸುರಿಯುತ್ತಲೇ ಇರುತ್ತಾನೆ. ನಲ್ಲಿ ಜೋರಾಗಿ ಬಿಟ್ಟುಕೊಂಡು ವಾಂತಿ ಮಾಡುತ್ತಾನೆ, ನನಗೆ ಕೇಳಬಾರದೆಂದು. ದೊಡ್ಡಾಸ್ಪತ್ರೆಗೆ ನಡಿ ಎಂದರೆ “ಅಲ್ಲಿಗೆ ಹೋದ್ರೆ ನನ್ನನ್ನ ಕೂರಿಸಿಬಿಡ್ತಾರೆ, ನೀನು ಶಾಲೆ ಬಿಟ್ಟ ಹಾಗೆ ನಾನು ಆಟ ಬಿಡಬೇಕಾ?” ಎಂದ. ಆ ಮಾತು ನಾಟಿತು, ಇರಲಿ. ಗೋಗರೆದ ಮೇಲೆ ಕಾಲೇಜಿನ ಡಾಕ್ಟರ ಹತ್ತಿರ ಬಂದ. ಹೊರಗೆ ಕೆಮ್ಮುವ ಹುಡುಗರ ಸಾಲು. ಡಾಕ್ಟರು “ತಲೆನೋವಿದೆಯಾ?” ಎಂದರು. ಇವನು ಇಲ್ಲ ಎಂದ. “ಇವರಲ್ಲಿ ನೋವಿಗೆ ಬಿಗಿ ಅಂತಾರೆ ಡಾಕ್ಟ್ರೇ, ಹಾಗೆ ಕೇಳಿ” ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ “ಅವನ ತಲೆ ಅವನಿಗೆ ಗೊತ್ತಿಲ್ವೇನಮ್ಮಾ?” ಎಂದು ಮುಂದಿನವನನ್ನು ಕರೆದರು. ಹೊರಗೆ ಬಂದ ಮೇಲೆಯೇ ಅವನು ಭಾಷೆ ತೆಗೆದುಕೊಂಡದ್ದು. ನನ್ನ ಕೈ ಹಿಡಿದಿದ್ದ ಅವನ ಬೆರಳುಗಳು ತಣ್ಣಗಿದ್ದವು. ಕೊಟ್ಟುಬಿಟ್ಟೆ.

ನಿನ್ನೆಯವರೆಗೆ ನಾನು ಕೋಚಿಗೆ ಇದು ತಿಳಿದಿಲ್ಲ ಎಂದುಕೊಂಡಿದ್ದೆ. ತಿಳಿದರೆ ಅವರೇ ಕೂರಿಸುತ್ತಾರೆ ಎಂದುಕೊಂಡಿದ್ದೆ. ನಿನ್ನೆ ಅಭ್ಯಾಸಕ್ಕೆ ಮೊದಲು ತಮ್ಮ ವ್ಯಾನಿನ ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಹಿಡಿದುಕೊಂಡಿದ್ದ. ಕಟ್ಟುತ್ತಿರಲಿಲ್ಲ. ಎರಡು ತುದಿಗಳನ್ನು ಎರಡು ಕೈಯಲ್ಲಿಟ್ಟುಕೊಂಡು, ಮುಂದೇನು ಎಂದು ತಿಳಿಯದವನ ಹಾಗೆ ನೋಡುತ್ತಿದ್ದ. ಕೋಚ್ ಬಂದರು. ಅವನ ಕೈಗಳನ್ನು ನೋಡಿದರು, ಕಣ್ಣುಗಳನ್ನು ನೋಡಿದರು. ಮಂಡಿಯೂರಿ, ಎರಡೂ ಬೂಟಿನ ಲೇಸು ತಾವೇ ಕಟ್ಟಿ, ಕೆನ್ನೆ ತಟ್ಟಿ ಕಳಿಸಿದರು. ಎಷ್ಟು ಅಕ್ಕರೆಯಿಂದ ಕಟ್ಟಿದರು ಗೊತ್ತಾ ಅಮ್ಮ.

ನಾನು ಅಲ್ಲೇ ಅಡ್ಡ ನಿಂತೆ. “ನೋಡಿದ್ರಲ್ಲ ಸರ್, ಅವನನ್ನ ಆಡಿಸಬೇಡಿ” ಎಂದೆ. ಅವರು ಎಂದಿನಂತೆ ಮೆಲ್ಲಗೆ “ನನಗೆ ನೋವು ಅಂತ ಅವನು ಒಂದು ಸಲನಾದ್ರೂ ಹೇಳಿದ್ದಾನಾ ಮಗಾ? ಅವನ ಬಾಯಿಂದ ಆ ಮಾತು ಬರಲಿ, ಆ ಕ್ಷಣವೇ ಕೂರಿಸ್ತೀನಿ” ಎಂದರು.

“ಆ ಮಾತು ಕಿತ್ಕೊಂಡವರು ನೀವೇ ಅಲ್ವಾ?” ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಧೂಳಾದ ಮಂಡಿ ಒರೆಸಿಕೊಳ್ಳುತ್ತ “ನೀನು ಓದು ಅರ್ಧಕ್ಕೆ ಬಿಟ್ಟವಳು. ಎಲ್ಲರೂ ಅರ್ಧಕ್ಕೆ ಬಿಡಲಿ ಅನ್ನಿಸೋದು ಸಹಜ” ಎಂದು ಹೇಳಿ ಮೈದಾನಕ್ಕೆ ಇಳಿದರು. ಆ ಕಡೆ ಹುಡುಗರು ಸುತ್ತು ಓಡುತ್ತಿದ್ದರು. ಒಬ್ಬೊಬ್ಬನನ್ನೇ ನೋಡಿದೆ. ಒಬ್ಬ ಭುಜ ಎತ್ತುತ್ತಿರಲಿಲ್ಲ. ಇನ್ನೊಬ್ಬ ಒಂದು ಕಾಲನ್ನು ನೆಲಕ್ಕೆ ಪೂರ್ತಿ ಊರುತ್ತಿರಲಿಲ್ಲ. ಈಗ ವ್ಯಾನಿನಲ್ಲಿ ಆ ಹಳೇ ತಮಾಷೆಯನ್ನೂ ಯಾರೂ ಮಾಡುವುದಿಲ್ಲ.

ಅದಕ್ಕೇ ನೀನು ಬರಬೇಕು. ಫೋನಿನಲ್ಲಿ ಕೇಳಬೇಡ. ಅವನು ನಿನ್ನ ಹತ್ತಿರ ಚೆನ್ನಾಗಿಯೇ ಮಾತಾಡುತ್ತಾನೆ, ನಾನು ಪಕ್ಕದಲ್ಲಿ ನಿಂತು ಕೇಳುತ್ತಿರುತ್ತೇನೆ, ನನಗೇ ನಂಬಿಕೆ ಬಂದುಬಿಡುತ್ತದೆ. ನೀನು ಅವನ ಮುಖವನ್ನು ಎರಡು ಕೈಯಲ್ಲಿ ಹಿಡಿದು ನೋಡಬೇಕು. ಅಕ್ಕನಿಗೆ ಬೇಸರವಾದರೆ ನನ್ನ ಮೇಲೆ ಹಾಕು. ಈ ಕಾಗದವನ್ನು ರಾತ್ರಿ ಬಸ್ಸಿನ ಡ್ರೈವರಣ್ಣನ ಕೈಲಿ ಕಳಿಸುತ್ತಿದ್ದೇನೆ. ಅಂಚೆಯನ್ನು ನಂಬಿ ಕೂರುವ ಹೊತ್ತಲ್ಲ ಇದು. ಬೆಳಿಗ್ಗೆ ನಿನ್ನ ಬಾಗಿಲಿಗೇ ತಂದುಕೊಡುತ್ತಾನೆ. ಅವನ ಬಸ್ಸು ವಾಪಸು ಹೊರಡುವಾಗ ಅದನ್ನೇ ಹತ್ತಿ ಬಾ.

ಕೂಸಿಗೆ ಒಂದು ಮುತ್ತು, ಅಕ್ಕನಿಗೆ ಒಂದು ಗುದ್ದು.

ನಿನ್ನ ಮಾತು ಕೇಳದ,
ಆದರೆ ನಿನಗೆ ಸುಳ್ಳು ಹೇಳದ,
ನಡುವಿನ ಮಗಳು

ಮ.ವಿ.: ಸಂಜೆ ಬರೆಯುತ್ತಿದ್ದೇನೆ. ಎಲ್ಲ ತಲೆಕೆಳಗಾಯಿತು. ಭಾನುವಾರ ಮೈದಾನವನ್ನು ಯಾವುದೋ ಸಭೆಗೆ ಕೊಟ್ಟಿದ್ದಾರಂತೆ, ಫೈನಲ್ ನಾಳೆ ಮಧ್ಯಾಹ್ನಕ್ಕೇ ಬಂತು. ನೀನು ಬಂದು ಸೇರುವಷ್ಟರಲ್ಲಿ ಆಟ ಮುಗಿದಿರುತ್ತದೆ. ಅಕ್ಕನ ಮನೆ ಮಾಲೀಕರ ಫೋನು ಬಡಿದುಕೊಳ್ಳುತ್ತಲೇ ಇದೆ, ಎತ್ತುವವರಿಲ್ಲ. ಕೋಚ್ ಇಡೀ ತಂಡವನ್ನು ಈಗಲೇ ಹಾಸ್ಟೆಲಿಗೆ ಸೇರಿಸಿ ಗೇಟು ಹಾಕಿಸಿದ್ದಾರೆ. ಹೊರಗಿನವರಿಗೆ ಪ್ರವೇಶವಿಲ್ಲ. ತಮ್ಮ ಇನ್ನು ಹೊರಗೆ ಬರುವುದು ನಾಳೆ, ನನ್ನ ವ್ಯಾನಿನಲ್ಲಿ. ಅದಕ್ಕೇ ನೀನು ಬಸ್ಸು ಇಳಿದವಳು ಮನೆಗೂ ಹೋಗಬೇಡ, ಮೈದಾನಕ್ಕೂ ಬೇಡ. ನೇರ ದೊಡ್ಡಾಸ್ಪತ್ರೆಗೆ ಬಾ. ನಾಳೆ ಹನ್ನೊಂದು ಜನರನ್ನೂ ಕೂರಿಸಿಕೊಂಡು ವ್ಯಾನನ್ನು ಮೈದಾನದ ಬದಲು ಅಲ್ಲಿಗೇ ಓಡಿಸುತ್ತೇನೆ. ಕೆಲಸ ಹೋಗುತ್ತದೆ, ಊರು ಉಗಿಯುತ್ತದೆ, ಅವನು ಜನ್ಮದಲ್ಲಿ ನನ್ನ ಜೊತೆ ಮಾತಾಡಲಿಕ್ಕಿಲ್ಲ. ಆಗಲಿ. ಈಗ ತಾನೇ ಅವನ ಬಟ್ಟೆ ಕೊಡಲು ಗೇಟಿನ ಹತ್ತಿರ ಹೋಗಿದ್ದೆ. ಕಂಬಿಯಾಚೆ ಬಂದು ನಿಂತ, ನನ್ನನ್ನು ನೋಡಿ ಮುಖ ಅರಳಿಸಿ, “ಅಮ್ಮಾ, ಯಾವಾಗ ಬಂದೆ? ಊಟ ಆಯ್ತಾ?” ಎಂದ. ಆಟವಾಡಿಸುತ್ತಿದ್ದಾನೆ ಎಂದುಕೊಂಡು ನಾನು ನಕ್ಕೆ. ಅವನು ಉತ್ತರಕ್ಕೆ ಕಾಯುತ್ತಿದ್ದ.