ನಾರ್ಮಲ್ ಅಂತ ಬರೆದ ಟ್ಯೂಬು

ಮಾರ್ಚ್ 4, ಬೆಳಿಗ್ಗೆ 11

ಮಹಾಸಭೆಗೆ ವಂದನೆ. ಸನ್ಮಾನ್ಯ ಟ್ಯೂಬುಗಳೇ, ಪಂಜರದೊಳಗಿನ ಪೂಜ್ಯ ಇಲಿಗಳೇ, ವರದಿ ಒಪ್ಪಿಸುತ್ತೇನೆ, ಕಿವಿಗೊಡಿ. ಹೃದಯದ ಸ್ನಾಯು ಕೆಟ್ಟರೆ ಅದರ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಅದನ್ನು ಪತ್ತೆ ಹಚ್ಚುವ ಆಂಟಿಬಾಡಿಯನ್ನು ಇಲಿಗಳಾದ ನಿಮ್ಮಿಂದ ತೆಗೆಯುವುದು ನಮ್ಮ ಲ್ಯಾಬಿನ ಕಸುಬು. ಪ್ಲೇಟಿನ ಕುಳಿಗೆ ರಕ್ತದ ತಿಳಿ, ಅಂದರೆ ಸೀರಮ್, ಬಿಟ್ಟಾಗ ಹಳದಿಯಾದರೆ ಹೃದಯಕ್ಕೆ ಪೆಟ್ಟು. ನೀರಿನಂತೆ ಉಳಿದರೆ ಕ್ಷೇಮ. ಹೋಲಿಸಿ ನೋಡಲು ಆರೋಗ್ಯವಂತನ ರಕ್ತವೊಂದು ಬೇಕಲ್ಲ — ಹದಿನೇಳು ವರ್ಷದಿಂದ ಅದು ನನ್ನದು. ಟ್ಯೂಬಿನ ಮೇಲೆ 'ನಾರ್ಮಲ್'. ಮನೆಯಲ್ಲಿ ಯಾರೂ ಕೊಡದ ಬಿರುದು.

ಇವತ್ತು ಹೊಸದಾಗಿ ರಕ್ತ ಕೊಟ್ಟೆ. ನನ್ನ ಕುಳಿ ಹಳದಿ.

ಮಾರ್ಚ್ 5

ಮತ್ತೆ ಮಾಡಿದೆವು. ಹಳದಿ. ಕಸ ಗುಡಿಸುವ ಅಕ್ಕನದು — ನೀರು. ಲ್ಯಾಬಿನ ಮುಖ್ಯಸ್ಥೆ ಮೇಡಂದು — ನೀರು. ನೆಲ ಡೊಂಕು ಅನ್ನೋಣವೆಂದರೆ ನೆಲ ಸಪಾಟಾಗಿದೆ. ಮೇಡಂ ಮಾತ್ರ ನಕ್ಕರು. ವರ್ಷಗಟ್ಟಲೆ ಇಲಿ ಮುಟ್ಟಿದವರ ರಕ್ತ ಇಲಿಯ ಆಂಟಿಬಾಡಿಗೆ ಅಂಟಿಕೊಂಡು ಸುಳ್ಳು ಬಣ್ಣ ಕೊಡುವುದುಂಟಂತೆ.

"ಪ್ರಾಸರಾಯರೇ, ನಿಮ್ಮ ರಕ್ತ ಅರ್ಧ ಇಲಿ ಆಗಿದೆ. ಸ್ವಲ್ಪ ಇಲಿ ಸೀರಮ್ ಬೆರೆಸಿ ನೋಡಿ. ಸುಳ್ಳು ಬಣ್ಣ ಆದ್ರೆ ಹೋಗುತ್ತೆ."

"ಹೋಗದಿದ್ರೆ?"

"ಹೋಗುತ್ತೆ ರೀ."

ನಾಳೆ ಮಾಡುತ್ತೇನೆ ಅಂದೆ.

ಮಾರ್ಚ್ 6, ಸಂಜೆ

ಸೀರಮ್ ಫ್ರೀಜರಿನಿಂದ ತೆಗೆದಿಟ್ಟದ್ದು ಕರಗಿಲ್ಲ. ನಾಳೆ ನೋಡೋಣ. ಮನೆಗೆ ಬಂದು, ಪ್ರಾಸರಾಯನಲ್ಲವೇ, ಪದ ಕಟ್ಟಿದೆ — ಹದಿನೇಳು ವರ್ಷ ಇಲಿ ಕಾದೆ, ಕೊನೆಗೆ ನಾನೇ ಇಲಿಯಾದೆ. ಮಗಳು ಬಿದ್ದು ಬಿದ್ದು ನಕ್ಕಳು. ಹದಿನಾರು ಅವಳಿಗೆ, ಎಲ್ಲಕ್ಕೂ ನಗು. ಹೆಂಡತಿ ನಗಲಿಲ್ಲ. ಮೆಟ್ಟಿಲು ಹತ್ತುವಾಗ ನಡುವೆ ಯಾಕೆ ನಿಲ್ತೀರಿ ಅಂತ ಕೇಳಿದಳು. ಬೀಗದ ಕೈ ಹುಡುಕಲು ಅಂದೆ. ಬೀಗದ ಕೈ ಅವಳ ಹತ್ತಿರವೇ ಇತ್ತು.

ಮಾರ್ಚ್ 15

ಬರೆಯಲು ಏನೂ ಇರಲಿಲ್ಲ... ಇತ್ತು. ಮೇಡಂ ಕೇಳುವುದನ್ನು ಬಿಟ್ಟಿದ್ದಾರೆ. 'ನಾರ್ಮಲ್' ಟ್ಯೂಬಿಗೆ ಈಗ ಕಸ ಗುಡಿಸುವ ಅಕ್ಕನ ರಕ್ತ.

ಅತ್ತಿಗೆಯ ಫೋನ್. ಅಣ್ಣ ಹೋಗಿ ಎರಡು ವರ್ಷ. ಅಪ್ಪ ಐವತ್ತೊಂದಕ್ಕೆ, ಕುರ್ಚಿಯಲ್ಲಿ ಕೂತಲ್ಲೇ. ಅಣ್ಣ ನಲವತ್ತೆಂಟಕ್ಕೆ, ಬಚ್ಚಲಿನಲ್ಲಿ. ಇಬ್ಬರದೂ ಉಬ್ಬಿದ ಹೃದಯ. ಹೆತ್ತವರಿಂದ ಮಕ್ಕಳಿಗೆ ಇಳಿಯುವಂಥದ್ದು, ಮಾತ್ರೆ ಮುಂದೂಡುತ್ತದೆ, ವಾಸಿ ಮಾಡುವುದಿಲ್ಲ ಅಂದಿದ್ದರು ಡಾಕ್ಟರು.

"ನೀನು ತೋರಿಸ್ಕೊಂಡ್ಯೇನಪ್ಪ?"

ಇಲಿಯ ಕಥೆ ಹೇಳಿದೆ.

ಮಾರ್ಚ್ 16

ಸಭಿಕರೇ —

ಯಾವ ಸಭಿಕರು. ಯಾರೂ ಇಲ್ಲ.

ಸೀರಮ್ ಐದನೇ ತಾರೀಖೇ ಕರಗಿತ್ತು. ಮೇಡಂ ಮನೆಗೆ ಹೋದ ಮೇಲೆ ಬೆರೆಸಿ ನೋಡಿದ್ದೆ. ಮೂರು ಕುಳಿಗಳಲ್ಲಿ. ಬಣ್ಣ ಹೋಗಲಿಲ್ಲ. ಇಲಿ ಅಲ್ಲ.

ನನ್ನದು ಹೇಗೋ ಆಯಿತು. ಮಗಳ ತೋಳಿನಿಂದಲೂ ಒಂದು ಟ್ಯೂಬು ತೆಗೆಯಬೇಕು. ಏನಂತ ಹೇಳಿ ತೋಳು ಚಾಚು ಅನ್ನಲಿ. ಪಕ್ಕದ ಕೋಣೆಯಲ್ಲಿ ಓದುತ್ತಿದ್ದಾಳೆ. ಗಟ್ಟಿಯಾಗಿ, ತಲೆದೂಗಿಕೊಂಡು. ಈಗ ಎದ್ದು ಹೋಗಿ —