ಎರಡನೆಯ ಲೈನು

ಸವದತ್ತಿ, ಮಂಗಳವಾರ

ಅಪ್ಪನಿಗೆ ರೇಣುವಿನ ನಮಸ್ಕಾರ.

ನೀವು ಮನೆಯಲ್ಲಿಲ್ಲವೆಂದು ಕೇಳಿ ತಿಳಿದ ಮೇಲೆಯೇ ಇಂದು ಮುಂಜಾನೆ ಇಂಟರ್‌ನೆಟ್ಟಿನ ವಿರೂಪಾಕ್ಷಣ್ಣ ಒಳಗೆ ಬಂದರು. ನೀವು ಹೇಳಿದಂತೆ ಇನ್ನೊಂದು ಕಂಪನಿಯ ಲೈನನ್ನೂ ನಮ್ಮ ರೂಟರಿಗೇ ಜೋಡಿಸಿದರು. “ಈಗ ಒಂದ್ ಹೋದ್ರ ಇನ್ನೊಂದ್ ಹಿಡಿತೈತಿ, ತಂಗಿ. ಇನ್ನರ ನಿಮ್ಮಪ್ಪ ನನ್ನ ಬೈಯೂದ ಬಿಡ್ತಾರೇನ?” ಎಂದು ನಕ್ಕರು.

ಅವರದೇನೂ ತಪ್ಪಿಲ್ಲ, ಅಪ್ಪಾ. ಕಾಲೇಜಿನ ಕೆಲಸದ ಸಂದರ್ಶನ ಅರ್ಧಕ್ಕೆ ನಿಂತ ದಿನ ನೆಟ್ ಹೋಗಿರಲಿಲ್ಲ. ಪರದೆಯಲ್ಲಿ ಐದು ಜನ ನನ್ನನ್ನೇ ನೋಡುತ್ತಿದ್ದರು, ನನಗೆ ಮಾತೇ ಹೊರಡಲಿಲ್ಲ. ಎದ್ದು ರೂಟರಿನ ಸ್ವಿಚ್ ಆರಿಸಿದವಳು ನಾನೇ.

ಶನಿವಾರ ಮುನವಳ್ಳಿಯಿಂದ ಬಂದಾಗ ವಿರೂಪಾಕ್ಷಣ್ಣನನ್ನು ಚಹಾಕ್ಕೆ ಕರೆಯಿರಿ.

ಗುರುವಾರ ಕಾಲೇಜಿನವರು ಮತ್ತೆ ಮಾತಾಡಿಸುತ್ತಾರಂತೆ. ಮಾತು ಬಾರದಿದ್ದರೆ, ಬರುತ್ತಿಲ್ಲವೆಂದು ಅವರಿಗೇ ಹೇಳುತ್ತೇನೆ. ಕುರ್ಚಿ ಬಿಟ್ಟು ಏಳುವುದಿಲ್ಲ.

ನಿಮ್ಮ ಮಗಳು,
ರೇಣು